ನಕಲು ಬೇರೆ, ಪ್ರತಿ ಬೇರೆ

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀವಿ. ನೀವು ಮೊದಲನೇ ಸೆಮ್‌ನಲ್ಲಿ ಬರೆದ ಗಣಿತದ ಅಸೈನ್‌ಮೆಂಟ್ ಈಗ ಎಲ್ಲಿದೆ? ಸೀನಿಯರ್ ಕಳಿಸಿದ ಪಿಡಿಎಫ್ ಕೇಳ್ತಿಲ್ಲ, ಅದು ಎಲ್ಲರ ಫೋನಲ್ಲೂ ಮೂರು ಮೂರು ಸಲ ಇದೆ. ನೀವೇ ರಾತ್ರಿ ಎರಡು ಗಂಟೆವರೆಗೆ ಕೂತು, ನೀಲಿ ಪೆನ್ನಲ್ಲಿ ಪ್ರಶ್ನೆ, ಕಪ್ಪು ಪೆನ್ನಲ್ಲಿ ಉತ್ತರ ಅಂತ ಬರೆದಿದ್ರಲ್ಲ, ಅದು.

ನಮ್ಮ ರೂಮಲ್ಲಿ ನಾವು ಮೂರು ಜನ. ಒಬ್ಬ ಗದಗದ ಕಡೆಯವನು, ಒಬ್ಬ ತುರುವೇಕೆರೆ ಕಡೆಯವನು, ಇನ್ನೊಬ್ಬ ಬೆಂಗಳೂರಲ್ಲೇ ಹುಟ್ಟಿ ಬೆಳೆದವನು. ಮೂವರೂ ಇಂಗ್ಲಿಷ್ ಮೀಡಿಯಮ್, ಮೂವರೂ ಕನ್ನಡ ಸಂಘ. ಹೋದ ತಿಂಗಳು ಒಂದು ಭಾನುವಾರ ಮೆಸ್‌ನಲ್ಲಿ ಪಲಾವ್ ಕೆಟ್ಟದಾಗಿತ್ತು, ಹೊರಗೆ ಮಳೆ, ಮಾಡೋಕೆ ಏನೂ ಇರ್ಲಿಲ್ಲ. ಆಗ ಈ ಪ್ರಶ್ನೆಯನ್ನು ನಮಗೆ ನಾವೇ ಕೇಳ್ಕೊಂಡ್ವಿ. ಮೂರು ಲ್ಯಾಪ್‌ಟಾಪ್, ಮೂರು ಫೋನ್, ಎರಡು ಪೆನ್‌ಡ್ರೈವ್ ಹುಡುಕಿದ್ವಿ. ಬೇರೆಯವರ ನೋಟ್ಸ್, ಹಳೇ ಪ್ರಶ್ನೆಪತ್ರಿಕೆ, ಯಾರೋ ಬರೆದ ಲ್ಯಾಬ್ ಮ್ಯಾನ್ಯುಯಲ್ ಎಲ್ಲಾ ಸೇರಿ 11 ಜಿಬಿ ಸಿಕ್ತು. ನಾವೇ ಮಾಡಿದ ಕೆಲಸ ಅಂತ ಸಿಕ್ಕಿದ್ದು 140 ಎಂಬಿ. ಅದರಲ್ಲೂ ಅರ್ಧ ಫೆಸ್ಟ್ ಪೋಸ್ಟರ್.

ಹೇಳಬೇಕಾಗಿರೋದು ಇದೇ. ನಾವು ಬೇರೆಯವರ ಕೆಲಸವನ್ನ ಜೋಪಾನ ಮಾಡ್ತೀವಿ, ನಮ್ಮದನ್ನ ಕೊಟ್ಟು ಮರೆತುಬಿಡ್ತೀವಿ. ಕನ್ನಡದಲ್ಲಿ ನಕಲು ಅಂತ ಒಂದು ಪದ ಇದೆ, ಪ್ರತಿ ಅಂತ ಒಂದು ಪದ ಇದೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಕಾಪಿ ಅಂತಲೇ ಹೇಳಿ ಮುಗಿಸ್ತೀವಿ. ಆದ್ರೆ ಎರಡು ವರ್ಷದಲ್ಲಿ ನಾವು ಕಲಿತದ್ದೆಲ್ಲ ನಕಲಿನ ಕಲೆ. ಪ್ರತಿ ಇಟ್ಕೊಳ್ಳೋದನ್ನ ಯಾರೂ ಹೇಳಿಕೊಡಲಿಲ್ಲ.

ಇದು ಸುಮ್ನೆ ಅಚ್ಚುಕಟ್ಟಾಗಿರೋ ಹುಡುಗರ ಹವ್ಯಾಸದ ಮಾತು ಅಂದ್ಕೋಬೇಡಿ. ಮೂರನೇ ಸೆಮ್‌ನಲ್ಲಿ ಏನಾಯ್ತು ಅಂತ ಹೇಳ್ತೀವಿ.

ನಮ್ಮ ಪಕ್ಕದ ರೂಮಿನವನು ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಗಟ್ಟಿ. ಲಿಂಕ್ಡ್ ಲಿಸ್ಟ್ ಅರ್ಥ ಆಗದಿದ್ರೆ ನಾವು ಯೂಟ್ಯೂಬಿಗೆ ಹೋಗೋ ಮುಂಚೆ ಅವನ ಬಾಗಿಲು ತಟ್ತೀವಿ. ಆ ಸೆಮ್ ಅವನಿಗೆ ಡೆಂಗಿ ಬಂದು ಒಂದು ಇಂಟರ್ನಲ್ಸ್ ತಪ್ಪಿಹೋಯ್ತು. ಹಾಗಾಗಿ ಟೆಸ್ಟ್‌ಗಳ ಲೆಕ್ಕದಲ್ಲಿ 25ಕ್ಕೆ 12 ಬಂದಿತ್ತು. ಪರವಾಗಿಲ್ಲ, ಅಸೈನ್‌ಮೆಂಟ್‌ಗೆ ಇನ್ನೊಂದು 25 ಇದೆಯಲ್ಲ ಅಂತ ಧೈರ್ಯವಾಗಿದ್ದ. ಸೆಮ್ ಕೊನೇಲಿ ಪೋರ್ಟಲ್ ತೆಗೆದು ನೋಡಿದ್ರೆ ಅಸೈನ್‌ಮೆಂಟ್ ಜಾಗದಲ್ಲಿ ಸೊನ್ನೆ.

ವಿಟಿಯು ನಿಯಮ ನಿಮಗೆ ಗೊತ್ತೇ ಇದೆ. ಸಿಐಇ 50, ಎಸ್‌ಇಇ 50. ಸಿಐಇಯಲ್ಲಿ ಕನಿಷ್ಠ 20 ಬರದಿದ್ರೆ ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೆ ಕೂರೋ ಹಾಗೇ ಇಲ್ಲ. 12 ಅಂದ್ರೆ ಹಾಲ್ ಟಿಕೆಟ್‌ನಲ್ಲಿ ಆ ವಿಷಯವೇ ಇರಲ್ಲ. ವಿಷಯ ಬರುತ್ತೋ ಇಲ್ವೋ ಅನ್ನೋ ಪ್ರಶ್ನೆನೇ ಅಲ್ಲಿ ಬರೋಲ್ಲ.

ಅವನು ಕೊಟ್ಟಿದ್ದ. ನಾವೇ ನೋಡಿದೀವಿ, ಅವನ ಜೊತೆಗೇ ಸ್ಟಾಫ್ ರೂಮಿಗೆ ಹೋಗಿ ಮೇಜಿನ ಮೇಲೆ ಇಟ್ಟು ಬಂದಿದ್ವಿ. ಆದ್ರೆ ಆ ಮಧ್ಯೆ ಪಾಠ ಮಾಡ್ತಿದ್ದ ಮೇಡಂ ರಜೆ ಮೇಲೆ ಹೋಗಿ, ಬೇರೆ ಸರ್ ಬಂದಿದ್ರು. ಕಟ್ಟು ಒಂದು ಕಪಾಟಿನಿಂದ ಇನ್ನೊಂದಕ್ಕೆ ಹೋಗಿತ್ತು. ಹುಡುಕಿದ್ರು, ಸಿಗಲಿಲ್ಲ. ಯಾರದ್ದೂ ದುರುದ್ದೇಶ ಇಲ್ಲ. ಸರ್ ಕೇಳಿದ ಪ್ರಶ್ನೆಯೂ ನ್ಯಾಯವಾದದ್ದೇ: ‘ಕೊಟ್ಟಿದೀಯ ಅನ್ನೋದಕ್ಕೆ ನಿನ್ನ ಹತ್ರ ಏನಿದೆಯಪ್ಪಾ?’

ಏನೂ ಇರ್ಲಿಲ್ಲ. ಆರು ಹಾಳೆ ಬರೆದವನ ಹತ್ರ ಒಂದು ಫೋಟೋ ಇರ್ಲಿಲ್ಲ. ಯಾಕಂದ್ರೆ ಫೋಟೋ ತೆಗೆದವನೇನೋ ಅವನೇ, ಆದ್ರೆ ನಮಗೆ ವಾಟ್ಸಾಪಲ್ಲಿ ಕಳಿಸಿ, ಫೋನಲ್ಲಿ ಜಾಗ ಇಲ್ಲ ಅಂತ ಅಳಿಸಿಬಿಟ್ಟಿದ್ದ.

ಹೌದು, ನಮಗೆ ಕಳಿಸಿದ್ದ. ‘ಲೇ, ಅಸೈನ್‌ಮೆಂಟ್ ಕಳ್ಸೋ ಮಗಾ’ ಅಂತ ನಾವೇ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದ್ವಿ. ಆ ಚಾಟ್ ತೆಗೆದು ಮೇಲೆ ಮೇಲೆ ಎಳೆದ್ವಿ. ಆರರಲ್ಲಿ ನಾಲ್ಕು ಹಾಳೆ ಸಿಕ್ತು. ಇನ್ನೆರಡನ್ನ ಯಾರೂ ಆಗ ಒತ್ತಿ ಡೌನ್‌ಲೋಡ್ ಮಾಡ್ಕೊಂಡಿರ್ಲಿಲ್ಲ. ಈಗ ಒತ್ತಿದ್ರೆ ಫೈಲ್ ಇಲ್ಲ, ಮತ್ತೆ ಕಳಿಸೋಕೆ ಹೇಳಿ ಅಂತ ಬರುತ್ತೆ. ವಾಟ್ಸಾಪ್ ಅನ್ನೋದು ಸಾಮಾನು ಸಾಗಿಸೋ ಗಾಡಿ, ಗೋದಾಮು ಅಲ್ಲ ಅಂತ ಅವತ್ತು ತಿಳೀತು.

ಇನ್ನೊಂದು ಕಷ್ಟ ಇತ್ತು. ಆ ನಾಲ್ಕು ಫೋಟೋನ ಸರ್‌ಗೆ ತೋರಿಸ್ಬೇಕು ಅಂದ್ರೆ ಅದು ನಮ್ಮ ಫೋನಿಗೆ ಯಾಕೆ ಬಂತು ಅಂತಲೂ ಹೇಳ್ಬೇಕು. ಸುಮಾರು ಹದಿನೈದು ನಿಮಿಷ ಸ್ಟಾಫ್ ರೂಮಿನ ಹೊರಗೆ ನಿಂತು ಜಗಳ ಆಡಿದ್ವಿ. ‘ಅವನ ವರ್ಷ ಹೋಗುತ್ತೋ’ ಅಂತ ಗದಗದವನು ಗದರಿದ ಮೇಲೆ ಒಳಗೆ ಹೋದ್ವಿ. ಸರ್ ಫೋಟೋ ನೋಡಿದ್ರು, ತಾರೀಕು ನೋಡಿದ್ರು, ಮೆಸೇಜೂ ಓದಿದ್ರು. ಅವನಿಗೆ 25ಕ್ಕೆ 21 ಬಂತು. ನಮ್ಮ ಮೂವರ 22, ಮರುದಿನ ನೋಡಿದ್ರೆ 15 ಆಗಿತ್ತು. ಕೇಳೋಕೆ ಹೋಗಲಿಲ್ಲ, ಯಾವ ಮುಖ ಇಟ್ಕೊಂಡು ಕೇಳೋದು?

ಹಾಗೆ ನಕಲಿಗೆ ಅಂತ ಬಂದದ್ದು ಕೊನೆಗೆ ಪ್ರತಿಯಾಗಿ ಕೆಲಸಕ್ಕೆ ಬಂತು. ಆದ್ರೆ ಪ್ರತಿಸಲ ಹೀಗೆ ಪುಣ್ಯ ಇರಲ್ಲ.

ಈಗ ನಮ್ಮ ಕಾಲದ್ದೇ ಇನ್ನೊಂದು ತಲೆನೋವು ಶುರುವಾಗಿದೆ. ಸ್ವಲ್ಪ ನೀಟಾಗಿ ಬರೆದು ಕೊಟ್ರೆ ಸಾಕು, ‘ಇದು ಚಾಟ್‌ಜಿಪಿಟಿ ಬರೆದಿದ್ದಾ?’ ಅನ್ನೋ ಪ್ರಶ್ನೆ. ಕೇಳೋರನ್ನ ದೂರಿ ಪ್ರಯೋಜನ ಇಲ್ಲ, ಹಾಗೆ ಮಾಡೋರು ನಮ್ಮಲ್ಲಿ ಎಷ್ಟು ಜನ ಇದಾರೆ ಅಂತ ನಮಗೇ ಗೊತ್ತು. ಆದ್ರೆ ನಿಜವಾಗಿ ಬರೆದವನು ಏನು ತೋರಿಸ್ಬೇಕು? ಕೊನೇ ಪ್ರತಿ ಮಾತ್ರ ಇದ್ರೆ ಯಾರು ಬರೆದದ್ದು ಅಂತ ಅದು ಹೇಳಲ್ಲ. ರಫ್ ಹಾಳೆ ಹೇಳುತ್ತೆ. ಕಾಟು ಹೊಡೆದ ಸಾಲು, ತಪ್ಪು ಫ್ಲೋಚಾರ್ಟ್, ಅಂಚಿನಲ್ಲಿ ಬರೆದ ‘ಇದು ಯಾಕೆ ಮೈನಸ್?’ ಅನ್ನೋ ಪ್ರಶ್ನೆ ಇವೇ ಸಾಕ್ಷಿ. ಗೂಗಲ್ ಡಾಕ್ಸ್‌ನಲ್ಲಿ ಬರೆದ್ರೆ ಯಾವತ್ತು ಏನು ತಿದ್ದಿದ್ವಿ ಅನ್ನೋ ಆವೃತ್ತಿ ಇತಿಹಾಸ ಅದೇ ಇಟ್ಕೊಂಡಿರುತ್ತೆ. ಕೋಡ್ ಆದ್ರೆ ಗಿಟ್ ಇದೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕೆಲಸಕ್ಕೆ ಅಂತ ಮಾಡಿದ್ದು. ನಾವು ಅದನ್ನ ರೆಸ್ಯೂಮೆನಲ್ಲಿ ಬರೆಯೋಕೆ ಮಾತ್ರ ಕಲಿತಿದೀವಿ, ಮಿನಿ ಪ್ರಾಜೆಕ್ಟ್ ಮಾತ್ರ ಈಗಲೂ ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಅಂತ ಜಿಪ್ ಮಾಡಿ ಕಳಿಸ್ತೀವಿ.

ಸರಿ, ಡಿಜಿಲಾಕರ್ ಇದೆಯಲ್ಲ, ಸರ್ಕಾರವೇ ಇಟ್ಕೊಳ್ಳುತ್ತಲ್ಲ ಅಂತ ಒಬ್ಬ ಗೆಳೆಯ ವಾದ ಮಾಡಿದ. 2015ರಿಂದ ಇದೆ, ತುಂಬಾ ಒಳ್ಳೇದು, ಅಂಕಪಟ್ಟಿ ಕಳೆದ್ರೂ ಭಯ ಇಲ್ಲ. ಆದ್ರೆ ಅದರಲ್ಲಿ ಇರೋದು ಫಲಿತಾಂಶ. 82 ಅಂಕ ಬಂದಿದೆ ಅಂತ ಅದು ಹೇಳುತ್ತೆ, ಆ 82ಕ್ಕೆ ನಾವು ಏನು ಮಾಡಿದ್ವಿ ಅನ್ನೋದು ದೇಶದ ಯಾವ ಲಾಕರ್‌ನಲ್ಲೂ ಇಲ್ಲ. ಎಐಸಿಟಿಇ ಚಟುವಟಿಕೆ ಅಂಕಗಳನ್ನೇ ನೋಡಿ. ನಾಲ್ಕು ವರ್ಷದಲ್ಲಿ 100 ಪಾಯಿಂಟ್ ಆಗ್ಬೇಕು, ಡಿಪ್ಲೊಮಾ ಮಾಡಿ ಎರಡನೇ ವರ್ಷಕ್ಕೆ ಸೇರಿದವರಿಗೆ 75. ಇಲ್ದಿದ್ರೆ ಡಿಗ್ರಿ ಕೈಗೆ ಬರಲ್ಲ. ಗಿಡ ನೆಟ್ಟಿದ್ದು, ಸರ್ಕಾರಿ ಶಾಲೆಗೆ ಹೋಗಿ ಪಾಠ ಹೇಳಿದ್ದು, ಅದರ ವರದಿ, ಫೋಟೋ, ಸಹಿ, ಸರ್ಟಿಫಿಕೇಟ್ ಎಲ್ಲಾ ನಾವೇ ಇಟ್ಕೊಂಡಿರ್ಬೇಕು. ಕೊನೇ ವರ್ಷದ ಅಕ್ಕಂದಿರು ಅಣ್ಣಂದಿರು ಮೊದಲ ವರ್ಷ ನೆಟ್ಟ ಗಿಡದ ಫೋಟೋಗೆ ಪರದಾಡೋದನ್ನ ನೋಡಿದ್ರೆ ಅಯ್ಯೋ ಅನ್ಸುತ್ತೆ. ಗಿಡವೇ ಇದ್ರೂ ಫೋಟೋ ಇಲ್ಲ. ಕೆಲವು ಕಡೆ ಫೋಟೋ ಇದೆ, ಗಿಡ ಇಲ್ಲ, ಅದು ಬೇರೆ ವಿಷಯ.

ಇದರ ಜೊತೆ ಕಾಲೇಜು ಕೊಟ್ಟ ಇಮೇಲ್ ವಿಷಯ. ಎರಡು ವರ್ಷದಿಂದ ಎಲ್ಲಾ ಅದರಲ್ಲೇ ಇಡ್ತಿದೀವಿ, ಜಾಗ ಜಾಸ್ತಿ ಅಂತ. ಗೂಗಲ್ ಒಂದು ಕಾಲದಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಿತಿಯೇ ಇಲ್ಲದ ಜಾಗ ಕೊಡ್ತಿತ್ತು. 2021ರಲ್ಲಿ ಆ ಪದ್ಧತಿ ನಿಲ್ಲಿಸ್ತೀವಿ ಅಂತ ಹೇಳಿ, ಮುಂದಿನ ವರ್ಷದಿಂದ ಇಡೀ ಸಂಸ್ಥೆಗೆ ಸೇರಿ 100 ಟಿಬಿ ಅಂತ ಮಾಡ್ತು. ಕೇಳೋಕೆ ದೊಡ್ಡದು, ಸಾವಿರಾರು ವಿದ್ಯಾರ್ಥಿಗಳಿಗೆ ಹಂಚಿದ್ರೆ ತಲೆಗೆ ಸ್ವಲ್ಪವೇ. ಹಾಗಾಗಿ ಓದು ಮುಗಿಸಿದವರ ಖಾತೆ ಮುಚ್ಚೋದು ಸಂಸ್ಥೆಗಳಿಗೆ ಅನಿವಾರ್ಯ. ಅದು ಬಾಡಿಗೆ ಮನೆ. ಸ್ವಂತ ಖಾತೆಯಲ್ಲಿ ಸಿಗೋದು 15 ಜಿಬಿ, ಅದೂ ಜಿಮೇಲ್, ಫೋಟೋಸ್, ಡ್ರೈವ್ ಮೂರಕ್ಕೂ ಸೇರಿ. ಎರಡು ವರ್ಷ ಮುಟ್ಟದೇ ಬಿಟ್ರೆ ಅದನ್ನೂ ಅಳಿಸಬಹುದು ಅಂತ 2023ರಲ್ಲಿ ಗೂಗಲ್ ನಿಯಮ ಮಾಡಿದೆ. ಅಲ್ಲಿ ಇಟ್ರೆ ಯಾವತ್ತಿಗೂ ಇರುತ್ತೆ ಅನ್ನೋ ನಂಬಿಕೆ ನಮ್ಮದು ಮಾತ್ರ, ಅವರು ಹಾಗೆ ಮಾತು ಕೊಟ್ಟಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆ, ಇದರಲ್ಲಿ ನಾವೇ ಬಿದ್ದದ್ದು. ಡ್ರೈವ್ ಜೊತೆ ಫೋಲ್ಡರ್ ಸಿಂಕ್ ಆಗಿದೆ, ಹಾಗಾಗಿ ಎರಡು ಪ್ರತಿ ಇದೆ ಅಂದ್ಕೊಂಡಿದ್ವಿ. ನಮ್ಮ ಬೆಂಗಳೂರಿನವನು ಲ್ಯಾಪ್‌ಟಾಪ್‌ನಲ್ಲಿ ಜಾಗ ಮಾಡೋಕೆ ಎರಡನೇ ಸೆಮ್ ಫೋಲ್ಡರ್ ಅಳಿಸಿದ. ಡ್ರೈವ್ ಕೂಡ ವಿಧೇಯ ಶಿಷ್ಯನ ಹಾಗೆ ತಾನೂ ಅಳಿಸ್ತು. ಡ್ರೈವ್‌ನ ಕಸದಬುಟ್ಟಿಯಲ್ಲಿ 30 ದಿನ ಇರುತ್ತೆ, ಆಮೇಲೆ ತಾನಾಗೇ ಹೋಗುತ್ತೆ. ಅವನಿಗೆ ನೆನಪಾಗಿದ್ದು ಎರಡು ತಿಂಗಳ ನಂತರ. ಕನ್ನಡಿ ಮುಂದೆ ನಿಂತ್ರೆ ಇಬ್ಬರು ಕಾಣಿಸ್ತಾರೆ, ಊಟಕ್ಕೆ ಒಂದೇ ಎಲೆ ಸಾಕು.

ನಮ್ಮ ಕಾಲೇಜಿನಲ್ಲಿ ಇದನ್ನ ನಿಜವಾಗಿ ಅರ್ಥ ಮಾಡ್ಕೊಂಡಿರೋ ಒಬ್ಬರೇ ಒಬ್ಬರು ಅಂದ್ರೆ ಗೇಟ್ ಎದುರಿನ ಝೆರಾಕ್ಸ್ ಅಂಗಡಿ ಅಣ್ಣ. ಪಿಯುಸಿವರೆಗೆ ಓದಿದೀನಿ ಅಂತಾರೆ. ಅವರ ಅಂಗಡಿ ಹಿಂದಿನ ಗೋಡೆ ತುಂಬಾ ರಟ್ಟಿನ ಡಬ್ಬ, ಒಂದೊಂದರ ಮೇಲೂ ಸ್ಕೆಚ್ ಪೆನ್ನಲ್ಲಿ ಸೆಮ್, ಬ್ರಾಂಚ್, ವಿಷಯದ ಕೋಡ್. ಹೋಗಿ ‘ಅಣ್ಣ, ಬಿಸಿಎಸ್304’ ಅಂದ್ರೆ ಸಾಕು, ‘ಹಳೇ ಸ್ಕೀಮಾ, ಹೊಸ ಸ್ಕೀಮಾ?’ ಅಂತ ಕೇಳಿ ಹತ್ತು ಸೆಕೆಂಡಲ್ಲಿ ಕೈಗಿಡ್ತಾರೆ. ಮೂಲ ಪ್ರತಿಯನ್ನ ಯಾವತ್ತೂ ಯಾರಿಗೂ ಕೊಡಲ್ಲ. ಎಷ್ಟು ಬೇಡಿಕೊಂಡ್ರೂ ‘ಅದು ಇಲ್ಲೇ ಇರ್ಬೇಕು’ ಅಂತಾರೆ. ಯಾವ ಡೇಟಾಬೇಸ್ ಪಾಠದಲ್ಲೂ ಪ್ರೈಮರಿ ಕೀ ಅಂದ್ರೆ ಏನು ಅಂತ ನಮಗೆ ಅಷ್ಟು ಚೆನ್ನಾಗಿ ಅರ್ಥ ಆಗಿರ್ಲಿಲ್ಲ.

ಕನ್ನಡ ಸಂಘದ ಪತ್ರಿಕೆ ಅಲ್ವಾ, ಹಾಗಾಗಿ ಅತ್ತಿಮಬ್ಬೆಯನ್ನ ನೆನೆಸ್ಕೊಳ್ಳದೇ ಇರೋಕಾಗಲ್ಲ. ಹತ್ತನೇ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳು ಅಂತ ಹೈಸ್ಕೂಲಲ್ಲಿ ಓದಿದ್ವಿ. ಆಗ ಅದು ಒಂದು ಅಂಕದ ಪ್ರಶ್ನೆ. ಅಚ್ಚಿನ ಯಂತ್ರ ಇಲ್ಲ, ಒಂದೊಂದು ಅಕ್ಷರವನ್ನೂ ತಾಳೆಗರಿ ಮೇಲೆ ಕಂಟದಲ್ಲಿ ಕೊರೀಬೇಕು. ಒಂದು ಪ್ರತಿ ಹುಳ ತಿಂದ್ರೆ, ಒಂದು ಬೆಂಕಿಗೆ ಹೋದ್ರೆ, ಇನ್ನೊಂದು ಎಲ್ಲಾದ್ರೂ ಉಳಿಯಲಿ ಅನ್ನೋ ಲೆಕ್ಕ ಅದರಲ್ಲಿ ಇದ್ದೇ ಇರುತ್ತೆ. ನಮ್ಮ ಗದಗದವನಿಗೆ ಲಕ್ಕುಂಡಿ ಪಕ್ಕದೂರು. ಅಲ್ಲಿ ಅವಳು ಕಟ್ಟಿಸಿದ ಬ್ರಹ್ಮ ಜಿನಾಲಯದ ಮುಂದೆ ಕ್ರಿಕೆಟ್ ಆಡಿದ್ದು ಬಿಟ್ರೆ ಬೇರೇನೂ ಯೋಚನೆ ಮಾಡಿರ್ಲಿಲ್ಲವಂತೆ. ಈಗ ‘ನಮ್ಮೂರ್ ಕಡೆ ಸಾವಿರ ವರ್ಷದ ಹಿಂದೇನೇ ಬ್ಯಾಕಪ್ ಇತ್ತಲೇ’ ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗ್ತಾನೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿ, 1909ರಲ್ಲಿ ಅದು ಅಚ್ಚಾದ ಕಥೆಯೂ ಇಂಥದ್ದೇ. ಯಾರೋ ಹೆಸರು ಗೊತ್ತಿಲ್ಲದವರು ಪ್ರತಿ ಮಾಡಿಟ್ಟಿದ್ರು.

ನಾವು ಅತ್ತಿಮಬ್ಬೆ ಆಗ್ಬೇಕಾಗಿಲ್ಲ. ಸಾವಿರ ಬೇಡ, ಎರಡು ಇರಲಿ ಅಂತಷ್ಟೇ.

ಇಷ್ಟೆಲ್ಲಾ ಹೇಳಿದ್ದು ಅಂಕದ ಮಾತು. ಆದ್ರೆ ನಮಗೆ ನಿಜವಾಗಿ ಚುಚ್ಚಿದ್ದು ಅಂಕಕ್ಕೆ ಸಂಬಂಧವೇ ಇಲ್ಲದ ಇನ್ನೊಂದು.

ಮೊದಲ ವರ್ಷ ಸಾಂಸ್ಕೃತಿಕ ಕನ್ನಡ ಇತ್ತಲ್ಲ. ಒಂದು ಕ್ರೆಡಿಟ್ ವಿಷಯ ಅಂತ ಎಲ್ಲರೂ ಹಗುರವಾಗಿ ತಗೊಂಡಿದ್ವಿ. ಅದರಲ್ಲಿ ಮೇಡಂ ಒಂದು ಅಸೈನ್‌ಮೆಂಟ್ ಕೊಟ್ಟಿದ್ರು. ನಿಮ್ಮ ಮನೆಯ ಹಿರಿಯರಿಂದ ಒಂದು ವಿಷಯ ಕೇಳಿ ತಿಳ್ಕೊಂಡು ನಾಲ್ಕು ಪುಟ ಬರೀರಿ. ನಿಜ ಹೇಳ್ಬೇಕಂದ್ರೆ ಪರೀಕ್ಷೆಯ ಉತ್ತರ ಬಿಟ್ಟು ನಾವು ಕನ್ನಡದಲ್ಲಿ ನಾಲ್ಕು ಪುಟ ಬರೆದದ್ದು ಜೀವನದಲ್ಲಿ ಅದೇ ಮೊದಲು. ಮಹಾಪ್ರಾಣ ಎಲ್ಲಿ, ಅಲ್ಪಪ್ರಾಣ ಎಲ್ಲಿ ಅಂತ ಕಿತ್ತಾಡ್ಕೊಂಡು ಬರೆದ್ವಿ. ಬೆಂಗಳೂರಿನವನು ಅವರ ತಾತ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗ್ತಿದ್ದ ದಾರಿ ಬಗ್ಗೆ ಬರೆದ. ತುರುವೇಕೆರೆಯವನು ಅವರ ಅಜ್ಜಿಗೆ ಮೂರು ರಾತ್ರಿ ಫೋನ್ ಮಾಡಿ, ಅವರ ಮನೆಯಲ್ಲಿ ರಾಗಿ ಅಳೀತಿದ್ದ ರೀತಿ ಬರೆದ.

ಪಾವು, ಅಚ್ಚೇರು, ಸೇರು, ಕೊಳಗ, ಖಂಡುಗ. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ಇದು ಎಲ್ಲಿ ಬೇಕಾದ್ರೂ ಸಿಗುತ್ತೆ. ಆದ್ರೆ ಒಂದು ಕೊಳಗಕ್ಕೆ ಎಷ್ಟು ಸೇರು ಅನ್ನೋದು ಊರಿಂದ ಊರಿಗೆ ಬೇರೆ ಇರ್ತಿತ್ತಂತೆ. ಅವರ ಊರಿನ ಲೆಕ್ಕ ಬೇರೆ, ಅಜ್ಜಿಯ ತವರಿನ ಲೆಕ್ಕ ಬೇರೆ, ಅದಕ್ಕೇ ಮದುವೆಯಾಗಿ ಬಂದ ಹೊಸದರಲ್ಲಿ ಕಣದಲ್ಲಿ ಅಳತೆ ತಪ್ಪಿ ಅತ್ತೆ ಹತ್ರ ಬೈಸ್ಕೊಂಡಿದ್ದು, ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನದೇ ಬೇರೆ ಮಾತು ಹೇಳ್ತಿದ್ದದ್ದು, ಎಲ್ಲಾ ಬರೆದಿದ್ದ. ಪಕ್ಕದಲ್ಲಿ ಕೊಳಗದ ಚಿತ್ರ ಬೇರೆ, ಎಂಜಿನಿಯರಿಂಗ್ ಡ್ರಾಯಿಂಗ್ ಕಲಿತದ್ದು ಸಾರ್ಥಕ ಆಗ್ಲಿ ಅಂತ ಐಸೊಮೆಟ್ರಿಕ್‌ನಲ್ಲಿ. ಮೇಡಂ ಕ್ಲಾಸಲ್ಲಿ ಓದಿ ಹೇಳಿದ್ರು. ನಾವೆಲ್ಲ ಮೇಜು ತಟ್ಟಿದ್ವಿ.

ಅಜ್ಜಿ ಹೋದ ಯುಗಾದಿ ಆದ ಮೇಲೆ ತೀರಿಕೊಂಡ್ರು. ತಿಥಿ ಮುಗಿಸ್ಕೊಂಡು ಬಂದವನು ಬ್ಯಾಗ್ ಇಡೋ ಮುಂಚೆ ಕೇಳಿದ, ‘ಲೇ, ನನ್ ಕನ್ನಡ ಅಸೈನ್‌ಮೆಂಟ್ ಫೋಟೋ ಯಾರ್ ಹತ್ರನಾದ್ರೂ ಇದ್ಯಾ?’ ಅದನ್ನ ಯಾರೂ ನಕಲು ಮಾಡಿರ್ಲಿಲ್ಲ. ಮಾಡೋ ಹಾಗಿರ್ಲಿಲ್ಲವಲ್ಲ, ಅದು ಅವನ ಅಜ್ಜಿ ವಿಷಯ. ಹಾಗಾಗಿ ಯಾರ ಹತ್ರವೂ ಇರ್ಲಿಲ್ಲ. ಡಿಪಾರ್ಟ್‌ಮೆಂಟಿಗೆ ಹೋಗಿ ಕೇಳಿದ್ರೆ, ಹಿಂದಿನ ವರ್ಷದ್ದೆಲ್ಲ ಗುಜರಿಗೆ ಹೋಯ್ತು ಅಂದ್ರು. ನಾವು ನೋಡಿದ್ವಿ ಆ ಗಾಡಿ ಬಂದಾಗ, ಹಗ್ಗ ಕಟ್ಟಿದ ಕಟ್ಟುಗಳನ್ನ ತೂಕ ಹಾಕ್ತಿದ್ರು. ಅದರಲ್ಲಿ ನಮ್ಮದೂ ಇದೆ ಅಂತ ಹೊಳೀಲೇ ಇಲ್ಲ.

ಅವನಿಗೆ ಅಜ್ಜಿ ಹೇಳಿದ್ದು ಅಷ್ಟಿಷ್ಟು ನೆನಪಿದೆ. ಕೊಳಗಕ್ಕೆ ಎಷ್ಟು ಸೇರು ಅನ್ನೋದು ಮಾತ್ರ ನೆನಪಾಗ್ತಿಲ್ಲ. ಅವರ ಅಪ್ಪನಿಗೂ ಗೊತ್ತಿಲ್ಲ.

ಆಮೇಲೆ ನಾವು ಒಂದು ವ್ಯವಸ್ಥೆ ಮಾಡ್ಕೊಂಡ್ವಿ. ದೊಡ್ಡ ವ್ಯವಸ್ಥೆ ಏನಲ್ಲ, ದೊಡ್ಡದಾಗಿದ್ರೆ ಎರಡು ವಾರಕ್ಕೆ ಬಿಟ್ಟುಬಿಡ್ತೀವಿ ಅಂತ ನಮ್ಮ ಬಗ್ಗೆ ನಮಗೇ ಗೊತ್ತು. ಕೊಡೋಕೆ ಮುಂಚೆ ಫೋಟೋ, ಅದಷ್ಟೇ ಕಡ್ಡಾಯ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಾದ್ರೂ ಸರಿ. ಸ್ಕ್ಯಾನ್ ಆ್ಯಪ್‌ನಲ್ಲಿ ಒಂದೇ ಪಿಡಿಎಫ್ ಮಾಡ್ತೀವಿ. ಒಬ್ಬರಿಗೊಬ್ಬರು ಕಳಿಸೋದಿದ್ರೆ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಲ್ಲ, ಡಾಕ್ಯುಮೆಂಟ್ ಆಗಿ ಕಳಿಸ್ತೀವಿ. ಫೋಟೋ ಆಗಿ ಹೋದ್ರೆ ಅದು ಕುಗ್ಗಿಸಿಬಿಡುತ್ತೆ, ಪೆನ್ಸಿಲ್‌ನಲ್ಲಿ ಬರೆದ ಸಬ್‌ಸ್ಕ್ರಿಪ್ಟ್ ಕಾಣಿಸೋದೇ ಇಲ್ಲ.

ಹೆಸರು ಇಡೋದರಲ್ಲಿ ಝೆರಾಕ್ಸ್ ಅಣ್ಣನೇ ಗುರು. ವಿಷಯದ ಕೋಡ್, ಏನು ಅನ್ನೋದು, ತಾರೀಕು. ‘ಬಿಸಿಎಸ್304 ಅಸೈನ್‌ಮೆಂಟ್1 2024-11-18’ ಅಂತ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. ಹಾಗೆ ಬರೆದ್ರೆ ಕಂಪ್ಯೂಟರ್ ತಾನೇ ಕಾಲಕ್ರಮದಲ್ಲಿ ಜೋಡಿಸುತ್ತೆ. ನಮ್ಮ ಅಭ್ಯಾಸದಂತೆ ದಿನ ಮೊದಲು ಬರೆದ್ರೆ ಜನವರಿ ಒಂದು, ಫೆಬ್ರವರಿ ಒಂದು, ಮಾರ್ಚ್ ಒಂದು ಎಲ್ಲಾ ಒಟ್ಟಿಗೆ ಬಂದು ಕೂರುತ್ತೆ. ಭಾನುವಾರ ಸಂಜೆ ಹತ್ತು ನಿಮಿಷ, ಆ ವಾರದ್ದನ್ನ ಲ್ಯಾಪ್‌ಟಾಪಿಗೆ, ಸ್ವಂತ ಡ್ರೈವ್‌ಗೆ ಹಾಕ್ತೀವಿ. ಸೆಮ್ ಮುಗಿದ ಮೇಲೆ ಮೂವರದ್ದೂ ಸೇರಿಸಿ ಒಂದು ಪೆನ್‌ಡ್ರೈವ್. ಅದು ಊರಿಗೆ ಹೋಗುತ್ತೆ, ತುರುವೇಕೆರೆಯವನ ಮನೆ ಬೀರುಗೆ. ಹಾಸ್ಟೆಲ್‌ಗೆ ನೀರು ನುಗ್ಗಿದ್ರೂ, ಫೋನ್ ಬಸ್ಸಲ್ಲಿ ಹೋದ್ರೂ ಅದು ಅಲ್ಲಿರುತ್ತೆ. ಪೆನ್‌ಡ್ರೈವನ್ನ ವರ್ಷಗಟ್ಟಲೆ ಹಾಗೇ ಬಿಟ್ರೆ ಅದರೊಳಗಿನ ಚಾರ್ಜ್ ಸೋರಿ ಡೇಟಾ ಹಾಳಾಗಬಹುದು. ಅದಕ್ಕೆ ಪ್ರತಿ ರಜೆಯಲ್ಲಿ ತೆಗೆದು ನೋಡೋದು, ಹೊಸದನ್ನ ಸೇರಿಸೋದು.

ಲ್ಯಾಪ್‌ಟಾಪ್ ಇಲ್ಲದವರು ನಮ್ಮ ಕ್ಲಾಸಲ್ಲೇ ಇದಾರೆ. ಅವರಿಗೆ ಇದೆಲ್ಲ ಹೇಗೆ ಅಂತ ಕೇಳಬಹುದು. ಫೋನಿಗೆ ನೇರ ಹಾಕೋ ಒಟಿಜಿ ಪೆನ್‌ಡ್ರೈವ್ ಸಾಕು, ಮೂರ್ನಾಲ್ಕು ಜನ ಸೇರಿ ಒಂದು ತಗೋಬಹುದು. ಅದೂ ಬೇಡ ಅಂದ್ರೆ ಕಾಗದ. ಝೆರಾಕ್ಸ್ ಮಾಡಿಸಿ ಒಂದು ಫೈಲ್‌ಗೆ ಹಾಕಿದ್ರೆ ಯಾವ ಪಾಸ್‌ವರ್ಡೂ ಬೇಡ. ಫೀಸ್ ರಸೀದಿ ಮಾತ್ರ ತಪ್ಪದೇ ಝೆರಾಕ್ಸ್ ಮಾಡಿಸಿ. ಥರ್ಮಲ್ ಪೇಪರ್ ರಸೀದಿ ಒಂದೇ ವರ್ಷದಲ್ಲಿ ಬಿಳಿ ಚೀಟಿ ಆಗಿದ್ದನ್ನ ಕಣ್ಣಾರೆ ನೋಡಿದೀವಿ.

ಕಾಗದವನ್ನ ಕಡೆಗಣಿಸಬೇಡಿ ಅನ್ನೋದಕ್ಕೆ ಇನ್ನೊಂದು ಕಾರಣ ನಮ್ಮ ಸಂಘದ ಕಪಾಟಿನಲ್ಲೇ ಇದೆ. ಹಿಂದಿನ ಬ್ಯಾಚ್‌ನವರು ಕೊಟ್ಟು ಹೋದ ಸಿಡಿಯಲ್ಲಿ ಹಳೇ ಸಂಚಿಕೆಗಳ ಫೈಲ್ ಇತ್ತು. ಸಿಡಿ ಹಾಕೋಕೆ ಜಾಗ ಇರೋ ಕಂಪ್ಯೂಟರ್ ಹುಡುಕಿದ್ದೇ ಒಂದು ಸಾಹಸ. ತೆಗೆದ್ರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆ, ಮೇಲೆ ಚುಕ್ಕಿ ಇಟ್ಟ ಅಕ್ಷರ ಎಲ್ಲಾ ಕಲಸಿದ ಹಾಗೆ. ಆಗ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ರು. ಆ ಫಾಂಟ್ ಇದ್ರೆ ಮಾತ್ರ ಅದು ಕನ್ನಡ. ಪರಿವರ್ತಕ ಹಾಕಿ ಬಹುಪಾಲು ಸರಿ ಮಾಡಿದ್ವಿ, ಕೆಲವು ಒತ್ತಕ್ಷರ ಮಾತ್ರ ಇನ್ನೂ ಜಗಳ ಆಡ್ತಿವೆ. ಲೈಬ್ರರಿಯಲ್ಲಿದ್ದ ಅದೇ ಸಂಚಿಕೆಯ ಅಚ್ಚಿನ ಪ್ರತಿಯನ್ನ ತೆಗೆದು ಓದಿದ್ರೆ ಏನೂ ಆಗಿಲ್ಲ, ಒಂದು ಅರ್ಕಾವತ್ತೂ ಅಲ್ಲಾಡಿಲ್ಲ.

ಎಲ್ಲಾ ಇಟ್ಕೊಂಡ್ರೆ ರೂಮು ಗುಜರಿ ಆಗಲ್ವಾ ಅಂತ ಅಮ್ಮಂದಿರು ಕೇಳ್ತಾರೆ. ಇಟ್ಕೊಳ್ಳೋಕೆ ಮುಂಚೆ ಬಿಸಾಕೋದನ್ನೂ ಕಲಿತ್ವಿ. ಆ 11 ಜಿಬಿಯಲ್ಲಿ 9 ಅಳಿಸಿದ್ವಿ. ಯಾವ ಪಿಡಿಎಫ್ ಮತ್ತೆ ಎಲ್ಲಿ ಬೇಕಾದ್ರೂ ಸಿಗುತ್ತೋ ಅದನ್ನ ನಾವ್ಯಾಕೆ ಸಾಕೋದು? ನಮ್ಮಿಂದ ಹೋದ್ರೆ ಜಗತ್ತಲ್ಲೇ ಇರಲ್ಲ ಅನ್ನೋದು ಮೊದಲು. ಅದರಲ್ಲೂ ತಪ್ಪಾದದ್ದು ಮುಖ್ಯ. ಕೆಂಪು ಗೀಟು ಬಿದ್ದ ಹಾಳೆ ನೋಡಿದ್ರೆ ನಾವು ಎಲ್ಲಿ ಎಡವ್ತೀವಿ ಅಂತ ಗೊತ್ತಾಗುತ್ತೆ. ಟಾಪರ್ ನೋಟ್ಸ್‌ನಲ್ಲಿ ಟಾಪರ್ ಎಡವಲ್ಲ, ಹಾಗಾಗಿ ಅದು ನಮಗೆ ಏನೂ ಹೇಳಲ್ಲ.

ಜೂನಿಯರ್‌ಗಳಿಗೆ ಕೊಡ್ಬೇಕಾ ಬೇಡ್ವಾ ಅನ್ನೋದರಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ. ಲ್ಯಾಬ್ ರೆಕಾರ್ಡ್ ಕೊಟ್ರೆ ಅವರು ನೋಡದೇ ಇಳಿಸ್ತಾರೆ, ನಾವು ಮಾಡಿದ್ದ ರೀಡಿಂಗ್ ತಪ್ಪನ್ನೂ ಸೇರಿಸಿ. ಕೊಡದೇ ಇದ್ರೆ ಜಂಬ ಅಂತಾರೆ. ಸದ್ಯಕ್ಕೆ ಒಪ್ಪಿಕೊಂಡಿರೋದು, ಮೊದಲು ಅವರೇ ಒಂದು ಸಲ ಬರೀಲಿ, ಆಮೇಲೆ ನಮ್ಮದನ್ನ ನೋಡಿ ಹೋಲಿಸ್ಲಿ. ಡೇಟಾ ಸ್ಟ್ರಕ್ಚರ್ಸ್ ಪ್ರಕರಣ ಆದ ಮೇಲೆ ನಾವು ಯಾರಿಗೂ ಬುದ್ಧಿ ಹೇಳೋ ಸ್ಥಿತಿಯಲ್ಲಿ ಇಲ್ಲ ಅನ್ನೋದೂ ನೆನಪಿದೆ.

ಇಷ್ಟು ನಮ್ಮ ಕೈಲಿ ಆಗೋದು. ಆದ್ರೆ ಬ್ಲೂ ಬುಕ್ ನಮ್ಮ ಕೈಲಿಲ್ಲ. ಇಂಟರ್ನಲ್ಸ್ ಆದ ಮೇಲೆ ಐದು ನಿಮಿಷ ತೋರಿಸ್ತಾರೆ, ಸಹಿ ಹಾಕಿಸ್ಕೋತಾರೆ, ವಾಪಸ್ ತಗೋತಾರೆ. ಮಾನ್ಯತೆಗೆ ಸಮಿತಿ ಬಂದಾಗ ತೋರಿಸೋಕೆ ಕೆಲವು ಬೇಕು ಅಂತಾರೆ, ಒಪ್ಪುವ ಮಾತೇ. ಉಳಿದವು ಕಪಾಟಿನಲ್ಲಿದ್ದು ಕೊನೆಗೆ ಅದೇ ಗುಜರಿ ಗಾಡಿ. ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ, ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ, ಮೌಲ್ಯಮಾಪನ ಆದ ಉತ್ತರ ಪತ್ರಿಕೆಯೂ ಮಾಹಿತಿ ಹಕ್ಕು ಕಾಯ್ದೆಯಡಿ ಮಾಹಿತಿಯೇ, ಬರೆದವರು ಅದನ್ನ ನೋಡಬಹುದು, ಪ್ರತಿ ಪಡೀಬಹುದು ಅಂತ ಹೇಳಿದೆ. ಆದ್ರೆ ಪರೀಕ್ಷೆ ನಡೆಸಿದವರು ಅದನ್ನ ಇಟ್ಕೊಳ್ಳಬೇಕಾದ ಅವಧಿವರೆಗೆ ಮಾತ್ರ. ತೂಕಕ್ಕೆ ಹಾಕಿದ ಮೇಲೆ ಹಕ್ಕು ಇದ್ರೂ ಹಾಳೆ ಇರಲ್ಲ. ನಮಗೆ ಕೋರ್ಟು ಕಾಯ್ದೆ ಅಂತ ಹೋಗೋ ಆಸೆ ಇಲ್ಲ. ಸೆಮ್ ಫಲಿತಾಂಶ ಬಂದ ಮೇಲೆ, ಗುಜರಿಗೆ ಕೊಡೋ ಮುಂಚೆ, ಒಂದು ವಾರ ಟೈಮ್ ಕೊಟ್ಟು ‘ಬೇಕಾದವರು ಬಂದು ತಗೊಂಡು ಹೋಗಿ’ ಅಂತ ನೋಟಿಸ್ ಬೋರ್ಡಿಗೆ ಹಾಕಿದ್ರೆ ಸಾಕು. ಯಾರಿಗೂ ಖರ್ಚಿಲ್ಲ.

ಹೋದ ಸೋಮವಾರ ಇದನ್ನೇ ಅರ್ಧ ಪುಟದಲ್ಲಿ, ಕನ್ನಡದಲ್ಲೇ, ಪತ್ರ ಬರೆದು ಎಚ್‌ಒಡಿ ಸರ್ ಹತ್ರ ಹೋದ್ವಿ. ನಲವತ್ತಾರು ಜನ ಸಹಿ ಹಾಕಿದ್ರು. ಸರ್ ಎರಡು ಸಲ ಓದಿ, ‘ಸ್ಟಾಫ್ ಮೀಟಿಂಗ್‌ನಲ್ಲಿ ಇಡ್ತೀನಿ’ ಅಂದ್ರು. ಪತ್ರದ ಎರಡನೇ ಪ್ರತಿ ಮೇಲೆ ಆಫೀಸ್ ಸೀಲ್, ತಾರೀಕು ಹಾಕಿಸ್ಕೊಂಡು ಬಂದಿದೀವಿ. ಉತ್ತರ ಬಂದ್ರೆ ಮುಂದಿನ ಸಂಚಿಕೆಯಲ್ಲಿ ಹೇಳ್ತೀವಿ. ಅಷ್ಟರಲ್ಲಿ ತುರುವೇಕೆರೆ, ತಿಪಟೂರು, ಚನ್ನರಾಯಪಟ್ಟಣದ ಕಡೆಯವರು ಯಾರಾದ್ರೂ ಇದನ್ನ ಓದ್ತಿದ್ರೆ, ನಿಮ್ಮ ಮನೆ ಹಿರಿಯರನ್ನ ಒಂದು ಮಾತು ಕೇಳಿ ಹೇಳ್ತೀರಾ, ನಿಮ್ಮ ಕಡೆ ಕೊಳಗಕ್ಕೆ ಎಷ್ಟು ಸೇರು?